ಕೀಳರಿಮೆಯೂ ಒಂದು ಕಲಿಕೆಯೇ

(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಮಕ್ಕಳ ಆತ್ಮಗೌರವವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನಗೆ ಸೂಚಿಸಲಾಗಿದೆ. ಶತಮಾನೋತ್ಸವದ ವರ್ಷದಲ್ಲಿ ಶಾಲೆಯ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಸೊಗಸಾಗಿ ಮಾಡಬಲ್ಲ ಹಿರಿಯರು ಇಲ್ಲಿದ್ದಾರೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ವರ್ಗಾವಣೆ ಪತ್ರ ಕೇಳಿಕೊಂಡು ಬರುವ ಪಾಲಕರು ಆಡುವ ಒಂದು ಮಾತು ನನ್ನನ್ನು ಬಹಳವಾಗಿ ಚಿಂತೆಗೆ ಹಚ್ಚಿದೆ. “ಇಲ್ಲಿ ಓದು ಚೆನ್ನಾಗಿದೆ, ನಿಮ್ಮ ಮೇಲೆ ದೂರಿಲ್ಲ. ಆದರೆ ನಾಳೆ ಹತ್ತು ಜನರ ಎದುರು ನಮ್ಮ ಮಗು ತಲೆ ತಗ್ಗಿಸಬಾರದು.” ಈ ಮಾತನ್ನು ಕೋಪದಿಂದ ಕೇಳಿದರೆ ಪ್ರಯೋಜನವಿಲ್ಲ. ಗಮನವಿಟ್ಟು ಕೇಳಿದರೆ ಇದರಲ್ಲಿ ಅಂಕದ ಚಿಂತೆಯಾಗಲಿ, ಉದ್ಯೋಗದ ಲೆಕ್ಕಾಚಾರವಾಗಲಿ ಮುಖ್ಯವಲ್ಲ. ತಲೆ ಎತ್ತುವುದು, ತಲೆ ತಗ್ಗಿಸುವುದು ಇಲ್ಲಿಯ ವಿಷಯ. ಎಂದರೆ ಪಾಲಕರು ತಮಗೆ ಅರಿವಿಲ್ಲದೆಯೇ ಮನಶ್ಶಾಸ್ತ್ರದ ಒಂದು ಪ್ರಶ್ನೆಯನ್ನು ನನ್ನ ಮೇಜಿನ ಮೇಲಿಟ್ಟು ಹೋಗುತ್ತಾರೆ. ಮಗು ತನ್ನನ್ನು ತಾನು ಗೌರವಿಸಿಕೊಳ್ಳುವುದನ್ನು ಎಲ್ಲಿ ಕಲಿಯುತ್ತದೆ? ತನ್ನನ್ನು ಕೀಳೆಂದು ಭಾವಿಸುವುದನ್ನು ಎಲ್ಲಿ ಕಲಿಯುತ್ತದೆ?

‘ಕಲಿಯುತ್ತದೆ’ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ವಿಯೆನ್ನಾ ನಗರದ ವೈದ್ಯರಾಗಿದ್ದ ಆಲ್ಫ್ರೆಡ್ ಆಡ್ಲರ್ ತಮ್ಮ ಮನಶ್ಶಾಸ್ತ್ರದ ಕೇಂದ್ರದಲ್ಲಿಟ್ಟ ಭಾವನೆಗೆ ಕನ್ನಡವು ‘ಕೀಳರಿಮೆ’ ಎಂಬ ಪದವನ್ನು ಕೊಟ್ಟಿದೆ. ‘ಅರಿ’ ಎಂಬ ಧಾತುವಿನಿಂದ ಬಂದ ‘ಅರಿಮೆ’ಗೆ ತಿಳಿವಳಿಕೆ ಎಂದು ಅರ್ಥ. ನಾನು ಕೀಳು ಎಂಬ ತಿಳಿವಳಿಕೆಯೇ ಕೀಳರಿಮೆ. ಇಂಗ್ಲಿಷಿನ ಪದದಲ್ಲಿ ಅದು ಒಂದು ತೊಡಕು, ಬಿಡಿಸಲಾಗದ ಗಂಟು. ನಮ್ಮ ಪದದಲ್ಲಿ ಅದು ಒಂದು ತಿಳಿವಳಿಕೆ. ತಿಳಿವಳಿಕೆ ಹುಟ್ಟಿನಿಂದ ಬರುವುದಿಲ್ಲ, ಯಾರೋ ಕಲಿಸಿರಬೇಕು. ಕಲಿಸಿದ್ದನ್ನು ತಿದ್ದಲೂ ಸಾಧ್ಯ. ಈ ಪದವನ್ನು ಟಂಕಿಸಿದವರು ಇಷ್ಟೆಲ್ಲ ಯೋಚಿಸಿದ್ದರೋ ಇಲ್ಲವೋ, ನನಗಂತೂ ಶಾಸ್ತ್ರದ ದೃಷ್ಟಿಯಿಂದಲೂ ಕನ್ನಡದ ಪದವೇ ಹೆಚ್ಚು ಸರಿಯಾಗಿ ಕಾಣುತ್ತದೆ.

ಮನಸ್ಸಿನ ವಿಚಾರ ಮಾತನಾಡಲು ಇಂಗ್ಲಿಷೇ ಬೇಕೆಂದು ತಿಳಿದವರಿಗಾಗಿ ಒಂದು ಮಾತನ್ನು ಇಲ್ಲಿ ಸೇರಿಸುತ್ತೇನೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾದದ್ದು 1924ರಲ್ಲಿ. ಸರಿಸುಮಾರು ನಮ್ಮ ಶಾಲೆಯ ವಯಸ್ಸೇ ಅದಕ್ಕೂ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನೂ ಆರಂಭಿಸಿದರು. ಅದರ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಆಯಿತು. ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ‘ಮನಮಂಥನ’ವೆಂಬ ಮನೋವೈದ್ಯ ಗ್ರಂಥಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ನಮ್ಮ ಗ್ರಂಥಾಲಯದಲ್ಲಿಯೂ ಇವೆ. ಪಾಲಕರು ಕೇಳಿದರೆ ಕೊಡುತ್ತೇವೆ.

ಈಗ ವಿಷಯಕ್ಕೆ ಬರುತ್ತೇನೆ. ಅಮೆರಿಕದ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ತಮ್ಮ ಮಹಾಗ್ರಂಥದಲ್ಲಿ ಆತ್ಮಗೌರವವನ್ನು ಒಂದು ಭಿನ್ನರಾಶಿಯಾಗಿ ಬರೆದರು. ಮೇಲೆ ಅಂಶದಲ್ಲಿ ನಾವು ಸಾಧಿಸಿದ್ದು; ಕೆಳಗೆ ಛೇದದಲ್ಲಿ ನಾವು ಆಗಬೇಕೆಂದು ಹಂಬಲಿಸಿದ್ದು. ಐದನೆಯ ತರಗತಿಯ ಮಗುವಿಗೂ ಗೊತ್ತು, ಛೇದ ದೊಡ್ಡದಾದಂತೆ ರಾಶಿ ಚಿಕ್ಕದಾಗುತ್ತದೆ. ಮನಶ್ಶಾಸ್ತ್ರಜ್ಞನಾಗಿ ಹೆಸರು ಮಾಡಬೇಕೆಂದಿರುವ ತನಗೆ, ಆ ಶಾಸ್ತ್ರವನ್ನು ತನಗಿಂತ ಹೆಚ್ಚು ಬಲ್ಲವರನ್ನು ಕಂಡರೆ ನೋವಾಗುತ್ತದೆ, ಗ್ರೀಕ್ ಭಾಷೆ ಬಾರದಿರುವುದಕ್ಕೆ ಮಾತ್ರ ಎಳ್ಳಷ್ಟೂ ನಾಚಿಕೆಯಿಲ್ಲ ಎಂಬುದು ಜೇಮ್ಸ್ ಕೊಟ್ಟ ನಿದರ್ಶನ. ಜೇಮ್ಸ್ ತಮ್ಮ ಛೇದವನ್ನು ತಾವೇ ಆರಿಸಿಕೊಂಡರು. ನಮ್ಮ ಮಕ್ಕಳಿಗೆ ಆ ಸ್ವಾತಂತ್ರ್ಯವಿಲ್ಲ. ಅವರ ಛೇದದಲ್ಲಿ ಏನಿರಬೇಕೆಂದು ಬರೆಯುವವರು ನಾವು. ‘ಇಂಗ್ಲಿಷಿನಲ್ಲಿ ಪಟಪಟನೆ ಮಾತನಾಡುವುದು’ ಎಂಬ ಒಂದೇ ಒಂದನ್ನು ಅಲ್ಲಿ ಬರೆದುಬಿಟ್ಟರೆ, ಆ ಮಗು ಗಣಿತದಲ್ಲಿ ನೂರಕ್ಕೆ ನೂರು ತೆಗೆದರೂ ರಾಶಿ ಏರುವುದಿಲ್ಲ.

ಛೇದವನ್ನು ಬರೆಯುವ ಕೈ ಯಾರದು ಎಂಬುದನ್ನು ಚಾರ್ಲ್ಸ್ ಕೂಲಿ ಎಂಬ ಸಮಾಜಶಾಸ್ತ್ರಜ್ಞರು 1902ರಲ್ಲಿ ವಿವರಿಸಿದರು. ಮನುಷ್ಯ ಇತರರ ಕಣ್ಣುಗಳನ್ನು ಕನ್ನಡಿಯಾಗಿಸಿಕೊಂಡು ಅಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾನೆ ಎಂಬುದು ಅವರ ವಾದದ ತಿರುಳು. ಎಲ್ಲ ಕಣ್ಣುಗಳೂ ಕನ್ನಡಿಗಳಾಗುವುದಿಲ್ಲ. ನಾವು ಬೆಲೆ ಕೊಡುವವರ ಕಣ್ಣುಗಳು ಮಾತ್ರ. ಮಗುವಿಗೆ ಅವು ತಾಯಿತಂದೆಯರವು, ಆಮೇಲೆ ಶಿಕ್ಷಕರವು, ಹದಿಹರೆಯದಲ್ಲಿ ಗೆಳೆಯರವು. 1924ರಲ್ಲಿ ತರುಣ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಿದಾಗ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಅವರು ಸಲಹೆ ಕೊಟ್ಟದ್ದು ನಿಮಗೆಲ್ಲ ಗೊತ್ತಿರುವ ಸಂಗತಿ. ಆ ಮಾತನ್ನು ಊರಿನ ಯಾರಾದರೂ ಹೇಳಿದ್ದರೆ ಕುವೆಂಪು ಕೇಳುತ್ತಿದ್ದರೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇಂಗ್ಲಿಷಿನ ಕವಿಯೇ ಹೇಳಬೇಕಾಯಿತು. ಗೌರವಾನ್ವಿತರ ಒಂದು ಮಾತಿಗೆ ಅಷ್ಟು ತೂಕವಿರುತ್ತದೆ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ.

ಕೆಟ್ಟದ್ದಕ್ಕೆ ಹೇಗೆ ಎಂಬುದನ್ನು ತೋರಿಸಿದ ಒಂದು ಪ್ರಯೋಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೆನಡಾ ದೇಶದ ಮಾಂಟ್ರಿಯಲ್ ನಗರ ನಮ್ಮ ಹೊಸೂರಿನಂತೆಯೇ ಭಾಷೆಗಳು ಬೆರೆತ ಊರು. ಅಲ್ಲಿ ಫ್ರೆಂಚ್ ಮಾತನಾಡುವವರೇ ಹೆಚ್ಚು. ಆದರೆ ಆ ಕಾಲದಲ್ಲಿ ಹಣ, ಅಧಿಕಾರ, ಒಳ್ಳೆಯ ಉದ್ಯೋಗಗಳು ಇಂಗ್ಲಿಷಿನವರ ಕಡೆಗಿದ್ದವು. ವಾಲೇಸ್ ಲ್ಯಾಂಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು, ಎರಡೂ ಭಾಷೆಗಳನ್ನು ಸಮನಾಗಿ ಬಲ್ಲ ಕೆಲವರಿಂದ ಒಂದೇ ಬರಹವನ್ನು ಒಮ್ಮೆ ಇಂಗ್ಲಿಷಿನಲ್ಲಿ, ಇನ್ನೊಮ್ಮೆ ಫ್ರೆಂಚಿನಲ್ಲಿ ಓದಿಸಿ ಧ್ವನಿಮುದ್ರಿಸಿಕೊಂಡರು. ಅದನ್ನು ವಿದ್ಯಾರ್ಥಿಗಳಿಗೆ ಕೇಳಿಸಿ, ಓದಿದವರು ಎಂಥವರಿರಬಹುದೆಂದು ಧ್ವನಿಯಿಂದಲೇ ಊಹಿಸಲು ಹೇಳಿದರು. ಎಷ್ಟು ಬುದ್ಧಿವಂತರು, ಎಷ್ಟು ನಂಬಿಗಸ್ತರು, ಕೊನೆಗೆ ಎಷ್ಟು ಎತ್ತರದವರು ಎಂಬುದನ್ನೂ. ಒಬ್ಬರೇ ಎರಡು ಸಲ ಓದಿದ್ದಾರೆಂಬುದು ಕೇಳುವವರಿಗೆ ತಿಳಿದಿರಲಿಲ್ಲ. ಇಂಗ್ಲಿಷಿನ ವಿದ್ಯಾರ್ಥಿಗಳು ಇಂಗ್ಲಿಷ್ ಧ್ವನಿಗೆ ಹೆಚ್ಚು ಅಂಕ ಕೊಟ್ಟರು, ಅದರಲ್ಲಿ ಆಶ್ಚರ್ಯವಿಲ್ಲ. ಫ್ರೆಂಚ್ ವಿದ್ಯಾರ್ಥಿಗಳೂ ಇಂಗ್ಲಿಷ್ ಧ್ವನಿಗೇ ಹೆಚ್ಚು ಅಂಕ ಕೊಟ್ಟರು. ಅದೇ ಮನುಷ್ಯ ತಮ್ಮ ತಾಯಿಯ ಭಾಷೆಯಲ್ಲಿ ಮಾತನಾಡಿದಾಗ ಅವನನ್ನು ಕಡಿಮೆ ಬುದ್ಧಿಯವನೆಂದು ಎಣಿಸಿದರು. 1960ರಲ್ಲಿ ಇದು ಪ್ರಕಟವಾಯಿತು.

ಈ ಪ್ರಯೋಗಕ್ಕೆ ಧ್ವನಿಮುದ್ರಣ ಯಂತ್ರವೂ ಬೇಡ. ಹೊಸೂರಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಮನೆಯಿಂದ ಕನ್ನಡದಲ್ಲಿ ಮಾತನಾಡುತ್ತ ಬಂದ ತಾಯಿ, ಪರಿಚಯದವರು ಎದುರಾದ ಕೂಡಲೇ ಮಗುವಿನ ಕಡೆ ತಿರುಗಿ ತನಗೆ ಬರುವ ನಾಲ್ಕು ಇಂಗ್ಲಿಷ್ ಪದಗಳಲ್ಲಿ ಆಜ್ಞೆ ಮಾಡುತ್ತಾಳೆ. ಮಗು ಅದನ್ನು ಕೇಳಿಸಿಕೊಳ್ಳುತ್ತದೆ. ‘ನಮ್ಮ ಮಾತು ಮನೆಯೊಳಗಿನ ಹಳೆಯ ಸೀರೆಯಂತೆ, ಹೊರಗೆ ಬರುವಾಗ ಬದಲಾಯಿಸಿಕೊಳ್ಳಬೇಕು’ ಎಂಬ ಪಾಠ ಅಲ್ಲಿ ನಡೆದುಹೋಗುತ್ತದೆ. ಯಾವ ಪಠ್ಯಪುಸ್ತಕವೂ ಇಷ್ಟು ಬೇಗ ಕಲಿಸಲಾರದು.

ಇದಕ್ಕೆ ನಮ್ಮ ಗಡಿನಾಡಿನ ಇತಿಹಾಸವೂ ಒಂದು ಕಾರಣವೆನ್ನಬೇಕು. ಈ ಶಾಲೆ ಆರಂಭವಾದಾಗ ನಾವು ಮದ್ರಾಸ್ ಪ್ರಾಂತದ ಸೇಲಂ ಜಿಲ್ಲೆಯವರು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳ ಗೆರೆ ನಮ್ಮ ಹೊಲಗಳ ಆಚೆಗೆ ಬಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಯವರಾದೆವು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯವರಾದೆವು. ಕುಳಿತ ಜಾಗದಲ್ಲೇ ವಿಳಾಸ ಬದಲಾಗುತ್ತ ಬಂತು. ಇಂದಿಗೂ ನಮ್ಮ ಹಳೆಯ ವಿದ್ಯಾರ್ಥಿಗಳನ್ನು ಬೆಂಗಳೂರಿನಲ್ಲಿ ತಮಿಳುನಾಡಿನವರೆಂದೂ, ಚೆನ್ನೈಯಲ್ಲಿ ಕನ್ನಡದವರೆಂದೂ ಕರೆಯುತ್ತಾರೆ. ತಳಿ, ಅಂಚೆಟ್ಟಿ ಕಡೆಯ ಕನ್ನಡವನ್ನು ಕೇಳಿ ನಗುವ ಬೆಂಗಳೂರಿನವರನ್ನು ನಾನೂ ಕಂಡಿದ್ದೇನೆ. ಎರಡೂ ಕಡೆಗೆ ಅರ್ಧರ್ಧ ಸೇರಿದವರು ಎಂಬ ಭಾವನೆ ದೊಡ್ಡವರಲ್ಲಿದ್ದರೆ ಅದು ಮಕ್ಕಳಿಗೆ ಇಳಿಯದೆ ಇರುವುದಿಲ್ಲ.

ಶಾಲೆ ಇದನ್ನು ತಿದ್ದಬಲ್ಲದೇ? ಕೆನಡಾದ ಉತ್ತರ ತುದಿಯ ಹಿಮನಾಡಿನಲ್ಲಿ ಇನುಯಿಟ್ ಜನರಿದ್ದಾರೆ. ಅವರ ಮಕ್ಕಳಲ್ಲಿ ಕೆಲವರು ಶಾಲೆಯ ಮೊದಲ ವರ್ಷದಲ್ಲಿ ತಮ್ಮ ಇನುಕ್ಟಿಟುಟ್ ಭಾಷೆಯಲ್ಲಿ ಕಲಿಯುತ್ತಿದ್ದರು. ಕೆಲವರು ಇಂಗ್ಲಿಷ್ ಅಥವಾ ಫ್ರೆಂಚಿನಲ್ಲಿ. ಸ್ಟೀಫನ್ ರೈಟ್ ಮತ್ತು ಡೊನಾಲ್ಡ್ ಟೇಲರ್ ಎಂಬ ಮನಶ್ಶಾಸ್ತ್ರಜ್ಞರು ವರ್ಷದ ಆರಂಭದಲ್ಲೂ ಕೊನೆಯಲ್ಲೂ ಈ ಮಕ್ಕಳ ಮುಂದೆ ಕೆಲವು ಮಕ್ಕಳ ಭಾವಚಿತ್ರಗಳನ್ನಿಟ್ಟರು. ಅವುಗಳಲ್ಲಿ ಆ ಮಗುವಿನ ಚಿತ್ರವೂ ಇರುತ್ತಿತ್ತು. ಇವರಲ್ಲಿ ಜಾಣರು ಯಾರು ಎಂಬಂಥ ಪ್ರಶ್ನೆಗಳಿಗೆ ಮಗು ತನ್ನ ಚಿತ್ರವನ್ನೂ ಎತ್ತಿಕೊಳ್ಳುತ್ತದೆಯೇ ಎಂಬುದನ್ನು ಗಮನಿಸಿದರು. ಇಷ್ಟು ಸರಳವಾದ, ಇಷ್ಟು ಮನಮುಟ್ಟುವ ಅಳತೆಯನ್ನು ನಾನು ಬೇರೆಲ್ಲಿಯೂ ಓದಿಲ್ಲ. ತಾಯ್ನುಡಿಯಲ್ಲಿ ಕಲಿತ ಮಕ್ಕಳ ಆತ್ಮಗೌರವ ಆ ವರ್ಷದಲ್ಲಿ ಏರಿತು. ಪರಭಾಷೆಯಲ್ಲಿ ಕಲಿತ ಇನುಯಿಟ್ ಮಕ್ಕಳಲ್ಲಿ ಆ ಏರಿಕೆ ಕಾಣಲಿಲ್ಲ. 1995ರಲ್ಲಿ ಪ್ರಕಟವಾದ ಈ ಅಧ್ಯಯನ ಒಂದು ಪ್ರದೇಶದ, ಒಂದು ವರ್ಷದ ಮಾತು. ಇದನ್ನೇ ಬಾವುಟವಾಗಿ ಹಿಡಿದು, ಕನ್ನಡ ಮಾಧ್ಯಮದಲ್ಲಿ ಓದಿದವರೆಲ್ಲ ಧೀರರಾಗುತ್ತಾರೆಂದು ನಾನು ಸಾರುವುದಿಲ್ಲ. ಆದರೆ ಶಾಲೆಯ ಮೊದಲ ವರ್ಷಗಳಲ್ಲಿ ಮಗುವಿಗೆ ‘ನನಗೆ ಗೊತ್ತು’ ಎಂದು ಕೈ ಎತ್ತುವ ಅವಕಾಶ ಯಾವ ಭಾಷೆಯಲ್ಲಿ ಸಿಗುತ್ತದೆ ಎಂಬುದು ಸಣ್ಣ ವಿಷಯವಲ್ಲವೆಂದು ಇದರಿಂದ ತಿಳಿಯುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸೌಲಭ್ಯವಿರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಯಾರೋ ತೋರಿದ ಕನಿಕರವಲ್ಲವೆಂಬುದನ್ನು ಪಾಲಕರು ನೆನಪಿಡಬೇಕು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕಾಗಿದೆ. ಕನ್ನಡ ಶಾಲೆಯೂ ಕೀಳರಿಮೆಯನ್ನು ಕಲಿಸಬಲ್ಲದು. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳಿದ್ದಾರೆ, ತಮಿಳು ಆಡುವವರಿದ್ದಾರೆ. ಕನ್ನಡದ ಮಕ್ಕಳೂ ತರುವುದು ಗಡಿಯ ಕನ್ನಡವನ್ನು, ಪಠ್ಯಪುಸ್ತಕದ ಕನ್ನಡವನ್ನಲ್ಲ. ಬಾಯಿ ತೆರೆದ ಕೂಡಲೇ ‘ಅದು ತಪ್ಪು, ಶುದ್ಧವಾಗಿ ಹೇಳು’ ಎಂದು ಗದರಿದರೆ ಇಂಗ್ಲಿಷ್ ಶಾಲೆಯ ದಂಡಕ್ಕೂ ನಮ್ಮ ಶುದ್ಧಿಗೂ ವ್ಯತ್ಯಾಸವೇನು? ಮನೆಯಲ್ಲಿ ಹೀಗೆನ್ನುತ್ತಾರೆ, ಪುಸ್ತಕದಲ್ಲಿ ಹೀಗೆನ್ನುತ್ತಾರೆ ಎಂದು ಎರಡನ್ನೂ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆಯಬೇಕೆಂದು ನಮ್ಮ ಶಿಕ್ಷಕರಲ್ಲಿ ನಾವು ಒಪ್ಪಂದ ಮಾಡಿಕೊಂಡಿದ್ದೇವೆ.

ಹಾಗೆಯೇ ತಮಿಳಿನ ವಿಷಯ. 2006ರ ತಮಿಳು ಕಲಿಕೆ ಕಾಯ್ದೆಯ ಮೇರೆಗೆ ನಮ್ಮ ಮಕ್ಕಳು ತಮಿಳನ್ನೂ ಕಲಿಯಬೇಕು. ಪರೀಕ್ಷೆಯ ಭಾರದ ಬಗ್ಗೆ ಪಾಲಕರಿಗಿರುವ ಆತಂಕ ನ್ಯಾಯವಾದದ್ದು. ಅದನ್ನು ತಕ್ಕ ವೇದಿಕೆಯಲ್ಲಿ ಹೇಳೋಣ. ಆದರೆ ಮಕ್ಕಳ ಎದುರು ತಮಿಳನ್ನು ಹಳಿಯುವುದರಿಂದ ಕನ್ನಡದ ಗೌರವ ಹೆಚ್ಚುವುದಿಲ್ಲ. ಲ್ಯಾಂಬರ್ಟ್ ಅವರೇ ಮುಂದೆ ಎರಡು ಬಗೆಯ ದ್ವಿಭಾಷಿಕತೆಯನ್ನು ಗುರುತಿಸಿದರು: ಕೂಡಿಸುವುದು ಒಂದು, ಕಳೆಯುವುದು ಇನ್ನೊಂದು. ಹೊಸ ಭಾಷೆ ಬಂದಾಗ ಹಳೆಯದು ಗೌರವದಿಂದ ಉಳಿದರೆ ಕೂಡಿಕೆ. ಹಳೆಯದನ್ನು ನಾಚಿಕೆಯಿಂದ ಬಿಟ್ಟರೆ ಕಳೆತ. ಬೇರಿಕೆಯಿಂದ ಗಡಿ ದಾಟಿದರೆ ಮಾಲೂರು ತಾಲ್ಲೂಕಿನ ಮಾಸ್ತಿ. ಅಲ್ಲಿಯ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು, ಎಂ.ಎ. ಓದಿದ್ದು ಇಂಗ್ಲಿಷ್, ಬರೆದದ್ದು ಕನ್ನಡ. 1983ರ ಜ್ಞಾನಪೀಠ ಪ್ರಶಸ್ತಿ ಅವರದಾಯಿತು. ನಮ್ಮ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿ ಹೊಸೂರಿನ ಶಾಲೆಯಲ್ಲಿ ಕಲಿತ ರಾಜಾಜಿಯವರು ಮುಂದೆ ಓದಿದ್ದು ಬೆಂಗಳೂರಿನಲ್ಲಿ. ಈ ಸೀಮೆಯಲ್ಲಿ ಕೂಡಿಕೆಯ ಲೆಕ್ಕ ಹೊಸದಲ್ಲ. ನಮ್ಮ ಐದನೆಯ ತರಗತಿಯ ಮಗು ಕನ್ನಡದಲ್ಲಿ ಲೆಕ್ಕ ಮಾಡಿ, ತಮಿಳಿನಲ್ಲಿ ಅಂಗಡಿಗೆ ಹೋಗಿ ಬಂದು, ತೆಲುಗಿನಲ್ಲಿ ಆಟವಾಡುತ್ತದೆ. ಇದನ್ನು ಯಾರೂ ಅದರ ಸಾಧನೆಯೆಂದು ಹೇಳಿಲ್ಲವಾದ್ದರಿಂದ ಅದಕ್ಕೂ ಗೊತ್ತಿಲ್ಲ.

ಹಳೆಯ ವಿದ್ಯಾರ್ಥಿಗಳು ಹೇಳುವ ಒಂದು ಅನುಭವಕ್ಕೆ ಈಗ ಬರುತ್ತೇನೆ, ಏಕೆಂದರೆ ಪಾಲಕರ ನಿಜವಾದ ಭಯ ಇರುವುದು ಅಲ್ಲಿ. ಹತ್ತನೆಯ ತರಗತಿಯವರೆಗೆ ಇಲ್ಲಿ ಮೊದಲ ಸಾಲಿನಲ್ಲಿ ಕುಳಿತು ಉತ್ತರ ಹೇಳುತ್ತಿದ್ದವರು, ಹನ್ನೊಂದನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮೇಲೆ ಆರು ತಿಂಗಳು ಬಾಯಿ ಬಿಡಲಿಲ್ಲವೆಂದು ಹೇಳುತ್ತಾರೆ. ಕನ್ನಡ ಮಾಧ್ಯಮವೇ ಇದಕ್ಕೆ ಕಾರಣವೆಂದು ಹಲವರು ತೀರ್ಮಾನಿಸುತ್ತಾರೆ. ಇದಕ್ಕೆ ಸಮನಾದ ಸಂಗತಿಯೊಂದನ್ನು ಅಮೆರಿಕದಲ್ಲಿ ಆಳವಾಗಿ ನೋಡಿದ್ದಾರೆ. ಆತ್ಮಗೌರವವನ್ನು ಅಳೆಯಲು ಇಂದಿಗೂ ಬಳಕೆಯಲ್ಲಿರುವ ಹತ್ತು ಹೇಳಿಕೆಗಳ ಮಾಪನವನ್ನು 1965ರಲ್ಲಿ ಕೊಟ್ಟ ಮಾರಿಸ್ ರೋಸೆನ್‌ಬರ್ಗ್, ರಾಬರ್ಟಾ ಸಿಮ್ಮನ್ಸ್ ಅವರೊಡನೆ ಬಾಲ್ಟಿಮೋರ್ ನಗರದ ಶಾಲಾ ಮಕ್ಕಳನ್ನು ಅಧ್ಯಯನ ಮಾಡಿದರು. ಅಷ್ಟೆಲ್ಲ ತಾರತಮ್ಯದ ನಡುವೆ ಬೆಳೆದ ಕಪ್ಪು ಮಕ್ಕಳ ಆತ್ಮಗೌರವ ಬಿಳಿಯ ಮಕ್ಕಳದಕ್ಕಿಂತ ಕಡಿಮೆಯಿರಬೇಕೆಂದು ಎಲ್ಲರೂ ನಂಬಿದ್ದರು. ಕಡಿಮೆಯಿರಲಿಲ್ಲ. ಮಗು ತನ್ನನ್ನು ಹೋಲಿಸಿಕೊಳ್ಳುವುದು ತನ್ನ ಸುತ್ತಲಿನವರೊಂದಿಗೆ, ಅದನ್ನು ಅಳೆಯುವವರು ಅದನ್ನು ಪ್ರೀತಿಸುವವರು. ತನ್ನವರು ಕಡಿಮೆಯಿರುವ ಕಡೆಗೆ ಹೋದಾಗ ಮಾತ್ರ ಕೆಲವರಲ್ಲಿ ಅದು ತಗ್ಗುತ್ತಿತ್ತು.

ನಮ್ಮ ಹನ್ನೊಂದನೆಯ ತರಗತಿಯ ಮೌನವನ್ನು ನಾನು ಹೀಗೆಯೇ ಅರ್ಥ ಮಾಡಿಕೊಳ್ಳುತ್ತೇನೆ. ಮಗುವಿನ ಬುದ್ಧಿ ಬೇಸಿಗೆ ರಜೆಯಲ್ಲಿ ಕುಗ್ಗಿಲ್ಲ, ಅಳತೆಗೋಲು ಬದಲಾಗಿದೆ. ಆದರೆ ಇದನ್ನು ಹೇಳಿ ಸಮಾಧಾನಪಡಿಸಿದರೆ ಸಾಲದು, ಏಕೆಂದರೆ ರಸಾಯನಶಾಸ್ತ್ರದ ಪುಸ್ತಕ ಸಮಾಧಾನದಿಂದ ಅರ್ಥವಾಗುವುದಿಲ್ಲ. ಅದಕ್ಕಾಗಿ ಒಂಬತ್ತು ಮತ್ತು ಹತ್ತನೆಯ ತರಗತಿಗಳಲ್ಲಿ ವಿಜ್ಞಾನ, ಗಣಿತಗಳ ಪಾರಿಭಾಷಿಕ ಪದಗಳನ್ನು ಕನ್ನಡದೊಡನೆ ಇಂಗ್ಲಿಷಿನಲ್ಲೂ ಕಲಿಸುತ್ತಿದ್ದೇವೆ. ಇಂಗ್ಲಿಷ್ ತರಗತಿಯಲ್ಲಿ ಕಂಠಪಾಠ ಕಡಿಮೆ ಮಾಡಿ ಮಾತು ಹೆಚ್ಚಿಸಿದ್ದೇವೆ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬೇಡಿಕೆ ಒಂದೇ. ಕಟ್ಟಡಕ್ಕೆ ನೀವು ಕೊಟ್ಟ ದೇಣಿಗೆಗೆ ಕೃತಜ್ಞಳಾಗಿದ್ದೇನೆ. ಜೊತೆಗೆ ವರ್ಷಕ್ಕೊಂದು ಶನಿವಾರವನ್ನೂ ಕೊಡಿ. ಟೈಟನ್‌ನಲ್ಲೋ, ಅಶೋಕ್ ಲೇಲ್ಯಾಂಡ್‌ನಲ್ಲೋ, ಬೆಂಗಳೂರಿನ ಕಚೇರಿಯಲ್ಲೋ ಕೆಲಸ ಮಾಡುವ ನೀವು ಹತ್ತನೆಯ ತರಗತಿಯ ಮುಂದೆ ನಿಂತು, ಆ ಆರು ತಿಂಗಳು ಹೇಗೆ ಕಳೆಯಿತು, ಏಳನೆಯ ತಿಂಗಳಲ್ಲಿ ಏನಾಯಿತು ಎಂದು ಹೇಳಿ. ಮಕ್ಕಳಿಗೆ ನಮ್ಮ ಉಪದೇಶಕ್ಕಿಂತ ನಿಮ್ಮ ಕಣ್ಣು ಒಳ್ಳೆಯ ಕನ್ನಡಿ.

ಇಷ್ಟು ಕೇಳಿದ ಮೇಲೆ ‘ಹಾಗಾದರೆ ಮಕ್ಕಳನ್ನು ಹೊಗಳುತ್ತಿರಬೇಕು’ ಎಂದು ಯಾರಾದರೂ ತಿಳಿದುಕೊಂಡರೆ, ಆ ದಾರಿಯನ್ನೂ ಜಗತ್ತು ನಡೆದು ನೋಡಿದೆ. ಕ್ಯಾಲಿಫೋರ್ನಿಯಾ ರಾಜ್ಯ 1986ರಲ್ಲಿ ಆತ್ಮಗೌರವವನ್ನು ಬೆಳೆಸುವುದಕ್ಕಾಗಿಯೇ ಒಂದು ಸರ್ಕಾರಿ ಕಾರ್ಯಪಡೆಯನ್ನು ರಚಿಸಿತು. ಆತ್ಮಗೌರವ ಹೆಚ್ಚಿದರೆ ಓದು ಹೆಚ್ಚುತ್ತದೆ, ದುಶ್ಚಟಗಳು ಕಡಿಮೆಯಾಗುತ್ತವೆ ಎಂಬ ನಂಬಿಕೆ ಆಗ ಪ್ರಬಲವಾಗಿತ್ತು. 2003ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಅದುವರೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿ ನೋಡಿದಾಗ, ಆತ್ಮಗೌರವದಿಂದ ಓದು ಸುಧಾರಿಸುತ್ತದೆಂಬುದಕ್ಕೆ ಗಟ್ಟಿಯಾದ ಆಧಾರ ಸಿಗಲಿಲ್ಲ. ಒಳ್ಳೆಯ ಓದಿನಿಂದ ಆತ್ಮಗೌರವ ಬರುವ ಸಂಭವವೇ ಹೆಚ್ಚು. ಹೊಗಳಿಕೆಯಲ್ಲಿಯೂ ಬಗೆಗಳಿವೆ. 1998ರಲ್ಲಿ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ನೀನು ಬಹಳ ಬುದ್ಧಿವಂತ’ ಎನ್ನಿಸಿಕೊಂಡ ಮಕ್ಕಳು ಮುಂದೆ ಸುಲಭದ ಲೆಕ್ಕಗಳನ್ನೇ ಆರಿಸಿಕೊಂಡರು. ‘ಚೆನ್ನಾಗಿ ಶ್ರಮಪಟ್ಟೆ’ ಎನ್ನಿಸಿಕೊಂಡವರು ಕಷ್ಟದ್ದನ್ನು ಕೈಗೆತ್ತಿಕೊಂಡರು. ಬುದ್ಧಿವಂತನೆಂಬ ಬಿರುದು ಹೊತ್ತವನಿಗೆ ಸೋಲಿನ ಭಯ.

ಭಾಷೆಯ ವಿಷಯದಲ್ಲಿಯೂ ನಾನು ಇದೇ ಮಾತನ್ನು ಹೇಳುತ್ತೇನೆ. ಕುಂದಾಣಿಯಲ್ಲಿ ಹೊಯ್ಸಳ ರಾಮನಾಥನು ಆಳಿದ ನೆಲವಿದು ಎಂದು ಮಕ್ಕಳಿಗೆ ಹೇಳುವುದು ಒಳ್ಳೆಯದೇ, ನಾವು ಹೇಳುತ್ತೇವೆ. ಆದರೆ ಭಿನ್ನರಾಶಿ ಬಾರದ ಮಗುವನ್ನು ಹೊಯ್ಸಳರು ಕೈಹಿಡಿದು ಎತ್ತಲಾರರು. ನಮ್ಮ ಏಳನೆಯ ತರಗತಿಯ ಒಬ್ಬ ಹುಡುಗ, ತರಗತಿಯಲ್ಲಿ ಹೆಚ್ಚು ಮಾತನಾಡದವನು, ವಿಜ್ಞಾನದ ಪಾಠದಲ್ಲಿ ತಮ್ಮ ಗುಲಾಬಿ ತೋಟದ ಹನಿ ನೀರಾವರಿಯ ಕೊಳವೆಗಳು ಹೇಗೆ ಕಟ್ಟಿಕೊಳ್ಳುತ್ತವೆ, ಅದನ್ನು ಹೇಗೆ ಬಿಡಿಸಬೇಕು ಎಂದು ಇಪ್ಪತ್ತು ನಿಮಿಷ ತನ್ನ ಮನೆಮಾತಿನ ಕನ್ನಡದಲ್ಲಿ ವಿವರಿಸಿದ. ಯಾರೂ ಅವನನ್ನು ಹೊಗಳಲಿಲ್ಲ. ಮಕ್ಕಳು ಪ್ರಶ್ನೆ ಕೇಳಿದರು, ಶಿಕ್ಷಕರೂ ಕೇಳಿದರು, ಅವನು ಉತ್ತರ ಹೇಳಿದ. ಮಾರನೆಯ ದಿನ ಅವನು ಗಣಿತದ ತರಗತಿಯಲ್ಲಿಯೂ ಒಂದು ಪ್ರಶ್ನೆ ಕೇಳಿದನೆಂದು ಶಿಕ್ಷಕರು ನನಗೆ ತಿಳಿಸಿದರು.

1967ರಲ್ಲಿ ಸ್ಟ್ಯಾನ್ಲಿ ಕೂಪರ್‌ಸ್ಮಿತ್, ಆತ್ಮಗೌರವವುಳ್ಳ ಮಕ್ಕಳ ಮನೆಗಳನ್ನು ಅಧ್ಯಯನ ಮಾಡಿದಾಗ ಅಲ್ಲಿ ಕಂಡದ್ದು ಬರಿಯ ಸಲಿಗೆಯಲ್ಲ. ಆ ಮನೆಗಳಲ್ಲಿ ಮಗುವನ್ನು ಇದ್ದಂತೆ ಒಪ್ಪುತ್ತಿದ್ದರು, ಸ್ಪಷ್ಟವಾದ ಕಟ್ಟುಪಾಡುಗಳಿದ್ದವು, ಆ ಕಟ್ಟುಪಾಡುಗಳೊಳಗೆ ಮಗುವಿನ ಮಾತಿಗೆ ಬೆಲೆಯಿತ್ತು. ಗುಲಾಬಿ ಕೊಯ್ಲಿಗೆ ಬೆಳಗಿನ ಜಾವ ಎದ್ದು ಹೋಗುವ ತಾಯಿಗೂ, ರಾತ್ರಿ ಪಾಳಿ ಮುಗಿಸಿ ಬಂದ ತಂದೆಗೂ ಇದು ಅಸಾಧ್ಯವಾದುದೇನೂ ಅಲ್ಲ. ಯಾವ ಶಾಲೆ ಎಂದು ನಂಟರು ಕೇಳಿದಾಗ ಮಗುವಿನ ಎದುರಿಗೆ ನೀವು ಯಾವ ಧ್ವನಿಯಲ್ಲಿ ಉತ್ತರ ಹೇಳುತ್ತೀರಿ ಎಂಬುದನ್ನು ಮಾತ್ರ ಗಮನಿಸಿಕೊಳ್ಳಿ. ‘ಸದ್ಯಕ್ಕೆ ಇಲ್ಲೇ ಹಾಕಿದ್ದೇವೆ’ ಎಂಬ ಉತ್ತರವನ್ನು ನಾನು ಕೇಳಿದ್ದೇನೆ. ಪಕ್ಕದಲ್ಲಿ ನಿಂತ ಮಗುವೂ ಕೇಳಿರುತ್ತದೆ.

ನಮ್ಮ ಒಂದನೆಯ ತರಗತಿಯ ಹಾಜರಿ ಈಗ ಅರ್ಧ ಪುಟದಲ್ಲಿ ಮುಗಿಯುತ್ತದೆ. ಅದನ್ನು ಮರೆಮಾಚಿ ಶತಮಾನೋತ್ಸವ ಆಚರಿಸುವುದು ನನಗೆ ಇಷ್ಟವಿಲ್ಲ. ಮಕ್ಕಳನ್ನು ಇಲ್ಲಿಯೇ ಉಳಿಸಿ ಎಂದು ನಾನು ಭಾಷೆಯ ಹೆಸರಿನಲ್ಲಿ ಬೇಡುವುದಿಲ್ಲ. ಅವರು ಇಲ್ಲಿ ಏನನ್ನು ಮಾಡಬಲ್ಲವರಾಗಿದ್ದಾರೆ ಎಂಬುದನ್ನು ಬಂದು ನೋಡಿ, ಆಮೇಲೆ ತೀರ್ಮಾನಿಸಿ. ಈ ವರ್ಷದಿಂದ ಅಂಕಪಟ್ಟಿ ಕೊಡುವ ದಿನ ಪ್ರತಿಯೊಂದು ಮಗುವೂ ತಾನು ಮಾಡಿದ ಒಂದು ಕೆಲಸವನ್ನು, ಅದು ಲೆಕ್ಕವಿರಲಿ, ನಕ್ಷೆಯಿರಲಿ, ಗಿಡಗಳ ಪಟ್ಟಿಯಿರಲಿ, ತಾಯಿತಂದೆಯರಿಗೆ ತಾನೇ ವಿವರಿಸಲಿದೆ. ತನಗೆ ಬೇಕಾದ ಭಾಷೆಯಲ್ಲಿ ವಿವರಿಸಬಹುದು. ಮುಗಿಯುವವರೆಗೆ ನಡುವೆ ತಿದ್ದದೆ ಕೇಳಿ. ಪಕ್ಕದ ಮಗುವಿನ ಅಂಕಪಟ್ಟಿಯನ್ನು ದಯವಿಟ್ಟು ಕೇಳಬೇಡಿ. ಮೊದಲ ಸರದಿ ಆರನೆಯ ತರಗತಿಯದು. ದಿನಾಂಕವನ್ನು ತರಗತಿಯ ಶಿಕ್ಷಕರು ತಿಳಿಸುತ್ತಾರೆ. ಪಾಳಿಯಲ್ಲಿ ದುಡಿಯುವವರಿಗಾಗಿ ಸಂಜೆ ಏಳರವರೆಗೂ ಶಾಲೆ ತೆರೆದಿರುತ್ತದೆ.